ದೋಹಾದಲ್ಲಿ ಒಂದು ಹಗಲು

ಮೊನ್ನೆ ದಾವಣಗೆರೆಯ ವಿದ್ಯಾನಗರದ ನಮ್ಮ ಪಕ್ಕದ ಮನೆಯವರು ಒಂದು ಲೋಟ ಕಾಫಿ ಕೊಟ್ಟರು. ಕೊಲ್ಲಿ ದೇಶದಿಂದ ಬಂದ ನೆಂಟರು ತಂದದ್ದಂತೆ. ಏಲಕ್ಕಿ ಹಾಕಿ ಕುದಿಸಿದ, ಹಾಲಿಲ್ಲದ, ತೆಳು ಹಳದಿ ಕಾಫಿ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಲೋಟ ಕೆಳಗಿಟ್ಟೆ. ಸೇರಲಿಲ್ಲವೇನ್ರಿ ಎಂದು ಕೇಳಿದರು. ಸೇರದ್ದು ಕಾಫಿಯಲ್ಲ ಎಂದು ಅವರಿಗೆ ಹೇಗೆ ವಿವರಿಸಲಿ? ನಿಮಗಾದರೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹರಿಹರದ ನನ್ನ ಚಿಕ್ಕಮ್ಮನನ್ನು ಐರ್ಲೆಂಡಿಗೆ ಕರೆದುಕೊಂಡು ಹೊರಟಿದ್ದೆ. ಅವಳ ಮಗಳು ಶೈಲಾ ದಾವಣಗೆರೆಯಲ್ಲೇ ನರ್ಸಿಂಗ್ ಓದಿ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದವಳು, ಈಗ ಅದೇ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಳು. ಕ್ಯಾನ್ಸರ್. ಅವ್ವನನ್ನು ನೋಡಬೇಕು ಅಂದಿದ್ದಳು. ಕಾಲೇಜಿನಲ್ಲಿ ಪಾಠ ಮಾಡುವವಳು, ಇಂಗ್ಲಿಷ್ ಬರುತ್ತದೆ ಎಂದು ಮನೆಯವರೆಲ್ಲ ನನ್ನನ್ನೇ ಜೊತೆಮಾಡಿದರು. ನಾನೂ ಅಲ್ಲಿಯವರೆಗೆ ವಿಮಾನ ಹತ್ತಿದವಳಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅವಸರಕ್ಕೆ ಸಿಕ್ಕಿದ ಟಿಕೆಟ್ಟು. ದೋಹಾದಲ್ಲಿ ಬೆಳಿಗ್ಗೆ ಇಳಿದರೆ ಮುಂದಿನ ವಿಮಾನ ಸಂಜೆಗೆ. ಹರಿಹರದ ಸ್ಟೇಷನ್ನಿನಲ್ಲಿ ರೈಲು ತಡವಾದರೆ ಹೊರಗೆ ಹೋಗಿ ಚಹಾ ಕುಡಿದು ಬರಬಹುದು. ಇಲ್ಲಿ ಹೊರಗೆ ಎಂಬುದೇ ಇಲ್ಲ. ಗಾಜಿನಾಚೆ ಬಿಸಿಲು, ಒಳಗೆ ಚಳಿ. ಚಲಿಸುವ ಮೆಟ್ಟಿಲ ಮುಂದೆ ಚಿಕ್ಕಮ್ಮನಿಗೆ ಧೈರ್ಯ ಹೇಳಹೋಗಿ ನಾನೇ ಮುಗ್ಗರಿಸಿದೆ. ಅವಳು ನೆರಿಗೆ ಎತ್ತಿ ಹಿಡಿದು, ಹೊಲದ ಬದು ದಾಟಿದ ಹಾಗೆ ದಾಟಿ, ನನ್ನನ್ನು ನೋಡಿ ನಕ್ಕಳು.

ಅವಳನ್ನು ಕೂರಿಸಿ ಕಾಫಿ ತರಲು ಹೋದೆ. ಸಾಲಿನಲ್ಲಿ ನಿಂತಿದ್ದಾಗ ಶೈಲಾಳ ಗಂಡನ ಫೋನು ಬಂತು. ಅವಳು ಹೋಗಿಬಿಟ್ಟಳು ಅಂದ. ಅತ್ತೆಗೆ ದಾರಿಯಲ್ಲಿ ಏನಾದರೂ ಆದೀತು, ಈಗಲೇ ಹೇಳಬೇಡಿ, ಇಲ್ಲಿಗೆ ಬಂದಮೇಲೆ ನಾನೇ ಹೇಳುತ್ತೇನೆ ಎಂದು ಅಳುತ್ತಲೇ ಬೇಡಿಕೊಂಡ. ಹೂಂ ಅಂದೆ.

ಹೂಂ ಅನ್ನುವುದು ಸುಲಭ, ಪಕ್ಕದಲ್ಲಿ ಕೂತಿರುವುದು ಕಷ್ಟ. ಚಿಕ್ಕಮ್ಮ ಏಲಕ್ಕಿ ಕಾಫಿಯನ್ನು ಕಷಾಯದಂತೆ ಗುಟುಕರಿಸುತ್ತ ತನ್ನ ಪಾಡಿಗೆ ಮಾತಾಡುತ್ತಿದ್ದಳು. ಮಗುವಾಗಿದ್ದಾಗ ಶೈಲಾಗೆ ಜ್ವರ ಬಿಡದೆ, ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಎತ್ತಿಕೊಂಡು ಹೋಗಿದ್ದಳಂತೆ. ತಲೆಗೆ ಹೊಳೆ ನೀರು ಚಿಮುಕಿಸಿದರೆ ಅಳುತ್ತಿದ್ದ ಕೂಸು ಕಿಲಕಿಲ ನಕ್ಕಿತಂತೆ. ಈ ಸಲವೂ ವಾಸಿಯಾದರೆ ಕರೆದುಕೊಂಡು ಬರುತ್ತೇನೆಂದು ಅಜ್ಜಯ್ಯನಿಗೆ ಹರಕೆ ಹೊತ್ತಿದ್ದಳಂತೆ. ನಾನು ವಿಮಾನಗಳ ಹೊತ್ತು ತೋರಿಸುವ ಬೋರ್ಡನ್ನೇ ನೋಡುತ್ತ ಕೂತಿದ್ದೆ.

ಅವಳು ಲೋಟ ಕೆಳಗಿಟ್ಟಳು.

"ಕಾಫಿ ತಂದಾಗಿಂದ ನೀ ನನ್ ಮುಖಾನೇ ನೋಡ್ತಿಲ್ಲ," ಅಂದಳು. "ನಮ್ ಶೈಲಾ ಹೋದ್ಲೇನವ್ವ?"

ಸುಳ್ಳು ಹೇಳಲಾಗಲಿಲ್ಲ. ಹೌದೆಂದು ತಲೆಯಾಡಿಸಿದೆ.

ಅವಳು ಕೂಗಲಿಲ್ಲ. ಕೊರಳಿನ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ನೀರು ಕೇಳಿದಳು. ಬಾಟಲಿಯಿಂದ ತುಸು ತುಸುವೇ ಹಾಕಿದೆ. ಸುತ್ತ ಜನ ಪೆಟ್ಟಿಗೆ ಉರುಳಿಸಿಕೊಂಡು ಓಡಾಡುತ್ತಿದ್ದರು. ಅವಳು ಸೆರಗು ಹೊದ್ದು, ಆ ಕುರ್ಚಿಯ ಮೇಲೆಯೇ ಪೂಜೆಗೆ ಕೂತಳು. ಅಂಗೈಯ ನೀರೆಲ್ಲ ಮಡಿಲಿಗೆ ಸುರಿಯುತ್ತಿತ್ತು.

ವಾಪಸು ಹೋಗೋಣವೇ ಎಂದು ಕೇಳಿದೆ.

"ಬ್ಯಾಡ. ಕರೆದಿದ್ಲು, ಹೋಗ್ಬೇಕು. ನಾ ಬರೋತನಕ ಮಣ್ಣು ಮಾಡಬ್ಯಾಡ ಅಂತ ಅಳಿಯಗ ಹೇಳು."

ಹೋದೆವು. ಮಳೆ ಹನಿಯುತ್ತಿದ್ದ ಪರದೇಶದ ಮಣ್ಣಿನಲ್ಲಿ ಶೈಲಾಳನ್ನು ಇಟ್ಟು ಬಂದೆವು.

ಮೊನ್ನೆ ಆ ಕಾಫಿ ಕುಡಿಯದೆ ಬಂದವಳು ಮರುದಿನವೇ ಹರಿಹರದ ಬಸ್ಸು ಹತ್ತಿದೆ. ಚಿಕ್ಕಮ್ಮ ಮಗನ ಮನೆಯ ಹಿತ್ತಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಆ ಪ್ರಯಾಣದ ಮಾತು ನಾನಂತೂ ಎಂದೂ ಎತ್ತಿದವಳಲ್ಲ. ಅವಳಾಗಿಯೇ ಕೇಳಿದಳು, ನಾವು ಹಗಲೆಲ್ಲ ಕೂತಿದ್ದೆವಲ್ಲ, ಆ ಊರು ಯಾವುದು ಎಂದು. ದೋಹಾ ಅಂದೆ. ಈಗ ಯಾಕೆ ಅದು ಎಂದೆ.

"ಆ ಊರಾಗ ಇಳಿಯೋತನಕ ನನ್ ಮಗಳು ಇದ್ಲು," ಅಂದಳು. "ಹೆಸರು ನೆನಪು ಉಳಿಯಲ್ಲ ನನಗ. ಇನ್ನೊಂದ್ಸಲ ಹೇಳು."

ಹೇಳಿದೆ.