ಅವ್ವನ ಗುಲಾಬಿ, ಅಪ್ಪನ ಶಾಲು

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಾ ಕುಳಿತಿದ್ದಾಗ ಪಕ್ಕದ ಮನೆಯಿಂದ ಹಸಿ ಗುಲಾಬಿ ಕಡ್ಡಿ ಕಡಿದ ವಾಸನೆ ಬಂತು. ಕಪ್ಪು ಅಲ್ಲೇ ಇಟ್ಟು ಹೊರಗೆ ಓಡಿದೆ. ಜೇವರ್ಗಿ ಕಾಲೋನಿಯ ನಮ್ಮ ಮನೆಗಳ ನಡುವೆ ಇರುವುದೇ ಮೊಳದಗಲ ಮಣ್ಣು. ಅಷ್ಟರಲ್ಲೇ ಪಕ್ಕದ ಮನೆಯ ಟೀಚರು ಸುನಂದಾ ಹಬ್ಬುವ ಗುಲಾಬಿಯೊಂದನ್ನು ಬೆಳೆಸಿದ್ದಾಳೆ. ಕೂಲಿಯವನೊಬ್ಬ ಏಣಿ ಹತ್ತಿ ಅದರ ಉದ್ದುದ್ದ ಬಳ್ಳಿಗಳ ತಲೆಗಳನ್ನೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸುತ್ತಿದ್ದ.

"ಏ, ನಿಲ್ಲಸೋ!" ಎಂದು ಕೂಗಿದೆ. ಪಾಪ, ಅವನು ಬೀಳುವುದೊಂದು ಬಾಕಿ. ಎಂಬತ್ತು ದಾಟಿದ ಮುದುಕಿಗೆ ಇಷ್ಟು ಗಂಟಲು ಎಲ್ಲಿತ್ತೋ! ಅವನ ಮೇಲೆ ಹರಿದ ಆ ಸಿಟ್ಟು ಬಹಳ ಹಳೆಯದು. ಕುಳಿತುಕೊಳ್ಳಿ, ಹೇಳುತ್ತೇನೆ.

ನಿಜಾಮರ ಕಾಲ. ಶಹಾಬಜಾರದ ಸಂದಿಯೊಂದರಲ್ಲಿ ನಮ್ಮ ಮನೆ. ಅಪ್ಪ ದೊಡ್ಡ ಸಾಹೇಬರ ಕಚೇರಿಯಲ್ಲಿ ಪೇಷ್ಕಾರರು, ಅಂದರೆ ಸಾಹೇಬರ ಮುಂದೆ ಕಾಗದಪತ್ರ ಹಿಡಿದು ನಿಲ್ಲುವವರು. ನಮ್ಮ ಅಂಗಳ ಎಷ್ಟಿತ್ತೆಂದರೆ ಎರಡು ಹಗ್ಗದ ಹೊರಸು ಹಾಕಿದರೆ ಮೂರನೆಯದಕ್ಕೆ ಜಾಗವಿರಲಿಲ್ಲ. ಅವ್ವ ತನ್ನ ತವರು ಕಮಲಾಪುರದಿಂದ ಒಂದು ಗುಲಾಬಿ ಕಡ್ಡಿಯನ್ನೂ ಒಂದು ಬುಟ್ಟಿ ಕೆಂಪು ಮಣ್ಣನ್ನೂ ತಂದು, ಮೂಲೆಯ ಹಾಸುಗಲ್ಲೊಂದನ್ನು ಎಬ್ಬಿಸಿ ನೆಟ್ಟಿದ್ದಳು. ಎರಡೇ ವರ್ಷದಲ್ಲಿ ಅದು ಮಾಳಿಗೆ ಮುಟ್ಟಿತು. ಅದರ ಹುರುಪು ಅಂಥದು.

ಅಷ್ಟು ಇಕ್ಕಟ್ಟಿನಲ್ಲಿ ಅಂಥ ಗಿಡವನ್ನು ಅವ್ವ ಹೇಗೆ ಆಳಿದಳು ಎನ್ನುವುದೇ ಸೋಜಿಗ. ಎಳೆಯ ಬಳ್ಳಿಗಳನ್ನು ಬಗ್ಗಿಸಿ, ಗೋಡೆಗುಂಟ ಅಡ್ಡಡ್ಡ ಮಲಗಿಸಿ, ಹಳೆಯ ಸೀರೆಯ ಅಂಚಿನಿಂದ ಕಟ್ಟುತ್ತಿದ್ದಳು. "ನೆಟ್ಟಗ ಹೋಗಾಕ ಬಿಟ್ರ ಹೂ ಬರೇ ತುದೀಗೆ ಬರ್ತಾವವ್ವಾ, ಅಡ್ಡ ಮಲಗಿಸಿದ್ರ ಗೆಣ್ಣು ಗೆಣ್ಣಿಗೂ ಬಿಡ್ತಾವ" ಎನ್ನುತ್ತಿದ್ದಳು. ಮಳೆ ನಿಂತು ದಸರಾ ಮುಗಿದ ಮೇಲೆ, ಹೂಬಿಟ್ಟ ಪಕ್ಕದ ಚಿಗುರುಗಳನ್ನು ಚಿಗುರೊಡೆಯುವ ಎರಡು ಮೂರು ಕಣ್ಣು ಉಳಿಸಿ ಕತ್ತರಿಸುವಳು. ಮುಪ್ಪಾದ ಒಂದು ಬಳ್ಳಿಯನ್ನು ಬುಡದಿಂದಲೇ ತೆಗೆಯುವಳು. ಉದ್ದ ಬಳ್ಳಿಯ ತಲೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅಪ್ಪ ಆ ಗಿಡದ ಬಗ್ಗೆ ಆಡುತ್ತಿದ್ದದ್ದು ಒಂದೇ ಮಾತು: "ನನ್ನ ಶೇರವಾನಿಗೆ ಮುಳ್ಳು ಹತ್ತತಾವ."

ಒಂದು ಸಲ ಸಾಹೇಬರು ಓಣಿ ನೋಡಲು ಬಂದವರು ನಮ್ಮ ಬಾಗಿಲಲ್ಲಿ ನಿಂತುಬಿಟ್ಟರು. ಗೋಡೆಯ ಕಲ್ಲು ಕಾಣದ ಹಾಗೆ ಹೂವು. "ವಾಹ್ ಪೇಷ್ಕಾರ್, ಯೇ ಕಿಸ್ ಕಾ ಕಮಾಲ್ ಹೈ?" ಎಂದು, ಇದು ಯಾರ ಕೈಚಳಕವೆಂದು ಕೇಳಿದರು. ಅಪ್ಪ ಎದೆಗೆ ಕೈ ಇಟ್ಟು ಬಗ್ಗಿ, "ಮೇರಾಇಚ್ ಹೈ, ಹುಜೂರ್" ಎಂದರು, ನನ್ನದೇ ಅಂತ! ಬಾಗಿಲ ಹಿಂದೆ ನಿಂತಿದ್ದ ಅವ್ವ ಅದನ್ನು ಕೇಳಿಸಿಕೊಂಡಳು.

ಸಾಹೇಬರ ಬಂಗಲೆಯಲ್ಲೂ ಒಂದು ಹಬ್ಬುವ ಗುಲಾಬಿ ಇತ್ತು. ದಸರಾ ಮುಗಿದದ್ದೇ ಅದನ್ನು ಸವರಿ ಕೊಡಲು ಅಪ್ಪನಿಗೆ ಕರೆ ಬಂತು. ಅವ್ವ ಪಾಠ ಹೇಳಿದಳು. ಅಪ್ಪ ಅರ್ಧ ಕೇಳಿ, "ಗೊತ್ತದ ಬಿಡು" ಎಂದು ಹೊರಟರು. ಹೋದವರು ಎಲ್ಲ ಬಳ್ಳಿಗಳ ತಲೆ ಹಾರಿಸಿ ಬಂದರು. ಸಂಕ್ರಾಂತಿಗೆ ಬರೀ ಎಲೆ, ಬಿದಿರಿನಂತೆ ನೆಟ್ಟಗೆ ಎದ್ದ ಹೊಸ ಬಳ್ಳಿಗಳು. ಮೊಗ್ಗೆಂಬುದು ಒಂದೂ ಇಲ್ಲ. ಸಾಹೇಬರು ಕೇಳಿದಾಗ ಅಪ್ಪ ಏನೆಂದರು ಗೊತ್ತೆ? "ಹೆಂಡ್ತಿ ಮಾತು ಕೇಳಿ ಕೆಟ್ಟೆ, ಹುಜೂರ್!" ಕಚೇರಿಯ ಜವಾನ ಮನೆಗೆ ಬಂದು ನಗುತ್ತಾ ಹೇಳಿದ. ಹೊಗಳಿಕೆಯಲ್ಲಿ ಇಲ್ಲದ ಹೆಂಡತಿ ತಪ್ಪು ಹೊರಲು ಮಾತ್ರ ಬೇಕಾದಳು.

ಮರುದಿನ ಅವ್ವ ನನ್ನನ್ನು ಕರೆದುಕೊಂಡು, ಟಾಂಗಾ ಮಾಡಿಸಿ, ನೇರ ಬಂಗಲೆಯ ಜನಾನಾಕ್ಕೆ, ಅಂದರೆ ಹೆಂಗಸರ ಕಡೆಗೆ, ಹೋದಳು. ಆಗ ನನಗೆ ಹತ್ತು ವರ್ಷ. ಬೇಗಂ ಸಾಹೇಬರಿಗೆ ಹರಕುಮುರುಕು ಉರ್ದುವಿನಲ್ಲಿ, "ಗಿಡ ಬಿಗಡ್ ಗಯಾ, ಮೈ ಠೀಕ್ ಕರ್‌ತೂಂ" ಎಂದಳು. ಮಧ್ಯಾಹ್ನದವರೆಗೆ ಆ ಹೊಸ ಬಳ್ಳಿಗಳನ್ನು ಒಂದೊಂದಾಗಿ ಬಗ್ಗಿಸಿ ಕಟ್ಟಿದಳು. ನಾನು ಬಟ್ಟೆಯ ಚೂರು ಕೊಡುತ್ತಿದ್ದೆ. ಅವಳ ಮೊಣಕೈ ತನಕ ರಕ್ತದ ಗೀರು.

ಶಿವರಾತ್ರಿಯ ಹೊತ್ತಿಗೆ ಬಂಗಲೆಯ ಗೋಡೆ ಹೂವಾಯಿತು. ಜನಾನಾದ ಸುದ್ದಿ ಕಚೇರಿಯ ತನಕ ಹೋಗಲಿಲ್ಲವೋ, ಹೋಗಿಯೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೋ, ಸಾಹೇಬರು ಎಲ್ಲರೆದುರು ಅಪ್ಪನಿಗೆ ಶಾಲು ಹೊದಿಸಿದರು.

ಆ ಸಂಜೆ ಓಣಿಯ ಹಿರಿಯರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದ್ದರು. ಅಪ್ಪ ಶಾಲು ಹೊದ್ದು, ಬಳ್ಳಿ ಬಗ್ಗಿಸುವುದು ಹೇಗೆಂದು ಕೈ ಆಡಿಸಿ ವಿವರಿಸುತ್ತಿದ್ದರು. ಅವ್ವ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು.

"ಅಲ್ಲಿ ಹೋಗಿ ಕಟ್ಟಿದಾಕಿ ನಾನು. ಬೇಕಾದ್ರ ಮಗಳಿಗೆ ಕೇಳ್ರಿ, ಸಂಗಾಟ ಇದ್ಳು."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ ನಗುತ್ತಲೇ, "ಹೌದೇನವಾ?" ಎಂದರು. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

"ನನಗ ನೆನಪಿಲ್ಲ" ಎಂದೆ.

ಪಡಸಾಲೆ ನಕ್ಕಿತು. ಅವ್ವ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಮುಂದಿನ ದಸರಾಕ್ಕೆ ಕತ್ತರಿ ಹಿಡಿಯಲೂ ಇಲ್ಲ. ಗಿಡ ಮುಳ್ಳಿನ ಪೊದೆಯಾಗಿ ಬಾಗಿಲನ್ನೇ ಮುಚ್ಚಿತು. ಅಪ್ಪ ಆಳು ಹಚ್ಚಿ ಅಗೆಸಿದರು. "ಮಣ್ಣು ಸತ್ತಿತ್ತು" ಎಂದು ಊರಿಗೆಲ್ಲ ಹೇಳಿದರು. ಅವ್ವ ಅಷ್ಟರಲ್ಲೇ ಒಂದು ಕಡ್ಡಿಯನ್ನು ಕಮಲಾಪುರಕ್ಕೆ ಒಯ್ದು ತನ್ನ ಅಣ್ಣನ ಮನೆಯ ಹಿತ್ತಲಲ್ಲಿ ನೆಟ್ಟು ಬಂದಿದ್ದಳು. ವರ್ಷಕ್ಕೊಮ್ಮೆ ಹೋಗಿ ಅದನ್ನು ಸವರುತ್ತಿದ್ದಳು. ನನ್ನ ಮದುವೆಯಾದ ಮೇಲೆ ಒಂದು ವರ್ಷ ನನ್ನನ್ನೂ ಕರೆದೊಯ್ದು, ಕತ್ತರಿ ನನ್ನ ಕೈಗಿಟ್ಟು, ಎಲ್ಲಿ ಕತ್ತರಿಸಬೇಕೆಂದು ಬೆರಳು ಮಾಡಿ ತೋರಿಸಿದಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ಕೈ ನೋಡ್ಕೋ, ಮುಳ್ಳದ" ಎಂದಳು ಅಷ್ಟೇ.

ಇವತ್ತು ಕೂಲಿಯವನನ್ನು ಕೆಳಗಿಳಿಸಿ, ಉಳಿದ ಎರಡು ಬಳ್ಳಿಗಳನ್ನು ಸುನಂದಾಳ ಕೈಯಿಂದಲೇ ಬಗ್ಗಿಸಿ ಕಟ್ಟಿಸಿದೆ. "ಇದೆಲ್ಲಾ ನಿಮಗ ಯಾರು ಕಲಿಸಿದ್ರು, ಅಜ್ಜಿ?" ಎಂದು ಅವಳು ಕೇಳಿದಳು. ಈ ಪ್ರಶ್ನೆಗೆ ಇಷ್ಟು ವರ್ಷ ನಾನು ಕೊಡುತ್ತಾ ಬಂದ ಉತ್ತರ, 'ನಮ್ಮಪ್ಪಗ ಗುಲಾಬಿ ಅಂದ್ರ ಭಾಳ ಪ್ರೀತಿ.' ಇವತ್ತೂ ಅದೇ ನಾಲಿಗೆಗೆ ಬಂದಿತ್ತು, ನುಂಗಿದೆ.

"ನಮ್ಮವ್ವ. ಸಿದ್ದಮ್ಮ ಅಂತ ಆಕಿ ಹೆಸರು. ನಮ್ಮಪ್ಪಗ ಏನೂ ಗೊತ್ತಿರಲಿಲ್ಲ, ಎಲ್ಲಾ ತನ್ನದ ಅಂತ ಹೇಳ್ಕೊಂಡ. ನಾ ಎಲ್ಲಾ ನೋಡಿದ್ರೂ ಸುಳ್ಳು ಹೇಳಿದೆ."

ಸುನಂದಾ ಕತ್ತರಿ ಕೈಗೆತ್ತಿಕೊಂಡಳು. "ಸಿದ್ದಮ್ಮಾರು ಈ ಪಕ್ಕದ ಚಿಗುರು ಎಲ್ಲಿ ಕತ್ತರಸ್ತಿದ್ರು?" ಎಂದು ಕೇಳಿದಳು.

ನಾನು ಬೆರಳು ಮಾಡಿ ತೋರಿಸಿದೆ.