ಹಾಡಿನ ನಡುವೆ ಒಂದು ‘ಓ’

ಹದಿನೈದು ದಿನದ ಹಿಂದೆ ಮಗ್ಗೆಯಲ್ಲಿ ನನ್ನ ಹಾಡಿಗೆ ಒಬ್ಬ ಅಜ್ಜಿ ಉತ್ತರ ಕೊಟ್ಟರು.

ಚಪ್ಪಾಳೆಯಲ್ಲ. ಉತ್ತರ.

ಗೆಳತಿಯ ಮನೆಯ ಗೃಹಪ್ರವೇಶ. ಎರಡನೇ ಪಂಕ್ತಿ ಊಟ ಮುಗಿಸಿ ಏಳುತ್ತಿದ್ದ ಹೊತ್ತು. ಶಾಮಿಯಾನದ ಮೂಲೆಯಲ್ಲಿ ನಾನು, ನನ್ನ ಗಿಟಾರು, ಬಾಡಿಗೆಯ ಒಂದು ಸ್ಪೀಕರು. (ನನ್ನ ಕಾರ್ಯಕ್ರಮಗಳು ಬಹುಪಾಲು ಹೀಗೆಯೇ. ಕೇಳುಗರಲ್ಲಿ ಅರ್ಧ ಜನ ಕೈ ತೊಳೆಯಲು ಹೊರಟಿರುತ್ತಾರೆ, ಉಳಿದರ್ಧ ಐಸ್‌ಕ್ರೀಮಿನ ಕಡೆಗೆ.) ಮನೆಯವರು ಕೇಳಿದ ಸಿನಿಮಾ ಹಾಡುಗಳನ್ನೆಲ್ಲ ಹಾಡಿದ ಮೇಲೆ, ಕೊನೆಗೆ ನನ್ನದೇ ಒಂದು.

ಆ ಹಾಡಿನ ಪ್ರತಿ ಚರಣದ ಕೊನೆಗೆ ಪದಗಳಿಲ್ಲದ ಒಂದು ಗುನುಗು ಬರುತ್ತದೆ. ಮೂರು ಸ್ವರ ಒಂದೇ ಮಟ್ಟದಲ್ಲಿ ನಡೆಯುತ್ತವೆ, ನಾಲ್ಕನೆಯದು ಮೇಲಕ್ಕೆ ಹತ್ತಿ ಅಲ್ಲೇ ನಿಂತುಬಿಡುತ್ತದೆ. ಇಳಿಯುವುದಿಲ್ಲ. ಆಮೇಲೆ ನಾಲ್ಕು ಎಣಿಕೆಯಷ್ಟು ಮೌನ.

ಆ ಮೌನದೊಳಗೆ ಹಿಂದಿನ ಸಾಲಿನಿಂದ ಒಂದು ದನಿ ಬಂತು. “ಓ...”

ಜನ ನಕ್ಕರು. ನಾನೂ ನಕ್ಕು ಎರಡನೇ ಚರಣ ಹಾಡಿದೆ. ಮತ್ತೆ ಗುನುಗು, ಮತ್ತೆ ಮೌನ. ಮತ್ತೆ “ಓ...” ಅದೇ ಜಾಗ, ಅದೇ ಅಳತೆ. ನನ್ನ ತಾಳದಲ್ಲಿ ನಾನೇ ಒಮ್ಮೊಮ್ಮೆ ತಪ್ಪುತ್ತೇನೆ, ಅವರು ತಪ್ಪಲಿಲ್ಲ.

ಹಾಡು ಮುಗಿಸಿ ಹಿಂದಕ್ಕೆ ಹೋದೆ. ತಟ್ಟೆ ತುಂಬ ವೀಳ್ಯದೆಲೆ ಇಟ್ಟುಕೊಂಡು ಒರೆಸುತ್ತ ಕುಳಿತಿದ್ದರು. ಹೆಸರು ದ್ಯಾವಮ್ಮ. ಪಕ್ಕದ ಮನೆಯಲ್ಲಿ ಮಗಳ ಜೊತೆ ಇದ್ದಾರಂತೆ.

“ಯಾಕಜ್ಜಿ ಓ ಅಂದ್ರಿ?”

“ನೀನು ಕರ್ದೆ, ಅಂದೆ.”

“ನಾನು ಯಾರನ್ನೂ ಕರೀಲಿಲ್ಲವಲ್ಲ.”

“ಹೆಸ್ರು ನುಂಗ್ಬುಟ್ಟೆ. ಕರ್ದಿದ್ದಂತೂ ಕರ್ದೆ ಕಣವ್ವ. ಅದು ನಮ್ ಎಸ್ಟೇಟಿನ ಹಾಜರಿ ಅಲ್ವಾ?”

ಯಾವ ಎಸ್ಟೇಟು ಎಂದು ಕೇಳಿದೆ. ಮಾರನಹಳ್ಳಿ ಕಡೆಯದು ಎಂದರು. ನನಗೆ ಕೈಯಲ್ಲಿದ್ದ ಗಿಟಾರು ಸ್ವಲ್ಪ ಭಾರವಾಯಿತು. ಅಲ್ಲಿ ನಮ್ಮಪ್ಪ ರೈಟರ್ ಆಗಿದ್ದರು. ಬೆಳಿಗ್ಗೆ ಪುಸ್ತಕ ಹಿಡಿದು ಆಳುಗಳ ಹಾಜರಿ ಕೂಗುವುದು ಅವರದೇ ಕೆಲಸ. ನನಗೆ ನಾಲ್ಕು ವರ್ಷವಾಗುವ ಮೊದಲೇ ನಾವು ಅದನ್ನು ಬಿಟ್ಟು ಆಲೂರಿಗೆ ಬಂದೆವು. ನನಗೆ ಅಲ್ಲಿನದೇನೂ ನೆನಪಿಲ್ಲ.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಎಂಟು ವರ್ಷ ಹೋಮ್‌ಸ್ಟೇಗಳಲ್ಲಿ, ಮದುವೆಗಳಲ್ಲಿ ಬೇರೆಯವರ ಹಾಡು ಹಾಡಿದವಳು ನಾನು. ಸ್ವಂತದ್ದೆಂದು ಧೈರ್ಯವಾಗಿ ಹೇಳಬಹುದಾದ ಹಾಡು ಇದೊಂದೇ. ರೆಕಾರ್ಡಿಂಗ್ ಮುಗಿದಿತ್ತು. ಅಪ್‌ಲೋಡ್ ಮಾಡುವುದೊಂದೇ ಬಾಕಿ. ಅಲ್ಲಿ ಒಂದು ಸಣ್ಣ ಚೌಕ ಇರುತ್ತದೆ: ‘ಇದು ಸಂಪೂರ್ಣವಾಗಿ ನನ್ನ ಸ್ವಂತ ರಚನೆ.’ ಟಿಕ್ ಹಾಕಬೇಕು. ಮಗ್ಗೆಗೆ ಹೋಗುವ ಮೊದಲು ಆ ಚೌಕವನ್ನು ನೋಡಿ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೆ?

ಅಷ್ಟೇ ಅಲ್ಲ. ಈ ರಾಗ ಹುಟ್ಟಿದ ಕತೆಯೂ ನನ್ನ ಬಳಿ ಇತ್ತು. ಪ್ರತಿ ಕಾರ್ಯಕ್ರಮದಲ್ಲೂ ಹೇಳುತ್ತಿದ್ದೆ. ರೈಲು ಎಡಕುಮೇರಿಯಲ್ಲಿ ಕ್ರಾಸಿಂಗಿಗೆ ನಿಂತಿದೆ. ಸುತ್ತ ಕಾಡು, ಮಂಜು. ಸುರಂಗದ ಬಾಯಿಂದ ಬಂದ ಗಾಳಿಯಲ್ಲಿ ನಾಲ್ಕು ಸ್ವರಗಳು ತೇಲಿ ಬಂದವು. ಜನಕ್ಕೆ ಬಹಳ ಇಷ್ಟ ಈ ಕತೆ. ಹೇಳುತ್ತ ಹೇಳುತ್ತ ನನಗೂ ಆ ಗಾಳಿ ಕೆನ್ನೆಗೆ ತಾಗುತ್ತಿತ್ತು.

ಆ ಸಂಜೆ ಮನೆಗೆ ಬಂದು ಹಳೆಯ ಡೈರಿ ತೆಗೆದೆ. ನಾನು ಇತಿಹಾಸದ ಎಂ.ಎ. ನಮ್ಮ ಮೇಷ್ಟ್ರು ಯಾವ ಮಾತಿಗೂ “ಆಧಾರ?” ಎನ್ನುತ್ತಿದ್ದರು. ಆ ಅಭ್ಯಾಸದಿಂದಲೇ ಡೈರಿ ಬರೆಯುತ್ತೇನೆ. ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ.

ರಾಗ ಸಿಕ್ಕಿದ ದಿನದ ಪುಟದಲ್ಲಿ ಎಡಕುಮೇರಿ ಇಲ್ಲ. ರೈಲಿಲ್ಲ. ಮಂಜಿಲ್ಲ. ಇರುವುದು ಇಷ್ಟು: ‘ದವಡೆ ಹಲ್ಲು ಕೀಳಿಸಿದೆ. ಬಸ್ಸಿನಲ್ಲಿ ಬಾಯಿಗೆ ಹತ್ತಿ ಇಟ್ಟುಕೊಂಡು ಏನೋ ಗುನುಗುತ್ತಿದ್ದೆ. ಚೆನ್ನಾಗಿದೆ. ಎಲ್ಲೋ ಕೇಳಿದ್ದೇ?’

ನನ್ನದೇ ಕೈಬರಹ. ನನ್ನದೇ ಪ್ರಶ್ನೆ. ಹಲ್ಲು ಹೋಗಿ ಸುರಂಗ ಬಂದದ್ದು ಯಾವಾಗ? ಆ ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ಎಲ್ಲಿ ಬೀಳಿಸಿಕೊಂಡೆ?

ಮರುದಿನ ಆಲೂರಿಗೆ ಹೋದೆ. ಅಪ್ಪ ತಮ್ಮ ಜೆರಾಕ್ಸ್ ಅಂಗಡಿಯಲ್ಲಿ ಯಾರದೋ ಪಹಣಿಯ ಪ್ರತಿ ತೆಗೆಯುತ್ತಿದ್ದರು. “ಅಪ್ಪ, ನೀವು ಹಾಜರಿ ರಾಗವಾಗಿ ಕರೀತಿದ್ರಾ?” ಎಂದು ಕೇಳಿದೆ.

“ನಾನಾ? ರಾಗವಾ? ಬೈತಿದ್ದೆ ಕಣೇ. ತಡವಾಗಿ ಬಂದೋರಿಗೆ ಬೈದೂ ಬೈದೂ ನನ್ ಗಂಟ್ಲು ಹಿಂಗಾಗಿದ್ದು.” ಎದುರಿಗಿದ್ದ ಗಿರಾಕಿ ತಲೆಯಾಡಿಸಿದರು. ಅಪ್ಪನ ಗಂಟಲು ಅವರಿಗೂ ಪರಿಚಯ.

ಮತ್ತೆ ಮಗ್ಗೆಗೆ. ದ್ಯಾವಮ್ಮನಿಗೆ ಅಪ್ಪನ ಮಾತು ಹೇಳಿದೆ. ಅವರು ನಕ್ಕದ್ದಕ್ಕೆ ಎಲೆ ಅಡಿಕೆ ಅರ್ಧ ಹೊರಗೆ ಬಂತು.

“ನಿಮ್ಮಪ್ಪಂಗೆ ಎಲ್ಲಿಂದ ಬತ್ತದೆ ರಾಗ? ಡಬ್ಬ ಬಡ್ದಂಗೆ ಕೂಗೋರು. ರಾಗ ನಮ್ದು.”

ಅವರು ಹೇಳಿದ್ದು ಇದು. ರೈಟರು ಕಾಫಿ ಚೀಲಗಳ ಸ್ಟೋರಿನ ಮುಂದೆ ನಿಂತು ಹೆಸರು ಕೂಗುತ್ತಿದ್ದರು. ಆಳುಗಳ ಮನೆಗಳು ಎರಡು ಸಾಲು: ಕೆಳಗಿನ ಲೈನು, ಮೇಲಿನ ಲೈನು. ಕೆಳಗಿನ ಲೈನಿನವರಿಗೆ ಹೆಸರು ಕೇಳುತ್ತಿತ್ತು. ಮೇಲಿನ ಲೈನು ಗುಡ್ಡದ ಮೇಲೆ, ನಡುವೆ ಮರಗಳು, ಬೆಳಗಿನ ಮಂಜು. ಅಲ್ಲಿಯವರೆಗೆ ದನಿ ಮುಟ್ಟುತ್ತಿರಲಿಲ್ಲ. ಹಾಗಾಗಿ ಕೆಳಗಿನ ಲೈನಿನ ಹೆಂಗಸರು ತಿರುವಿನಲ್ಲಿ ನಿಂತು ಅದೇ ಹೆಸರನ್ನು ಎಳೆದು ಮೇಲಕ್ಕೆ ಕಳಿಸುತ್ತಿದ್ದರು. ಹೆಸರಿನ ಕೊನೆ ಮೇಲಕ್ಕೆ ಹೋಗಬೇಕು, ಏಕೆಂದರೆ ಕೇಳುವವರು ಮೇಲಿದ್ದಾರೆ. ಆಮೇಲೆ ಸುಮ್ಮನೆ ಕಾಯಬೇಕು. ಮಂಜಿನೊಳಗಿಂದ ಒಂದು ‘ಓ’ ಇಳಿದು ಬಂದರೆ ಅವಳು ಹಾಜರು. ದ್ಯಾವಮ್ಮ ಎರಡೂ ಲೈನಿನಲ್ಲಿ ಇದ್ದವರು, ಮೇಲಿನಿಂದ ಓ ಎಂದದ್ದೂ ಉಂಟು, ಕೆಳಗಿನಿಂದ ಕರೆದದ್ದೂ ಉಂಟು.

ನನ್ನ ಗೆಳೆಯ ಲೋಹಿತ ಸಕಲೇಶಪುರದಲ್ಲಿ ರೆಕಾರ್ಡಿಂಗ್ ಮಾಡುತ್ತಾನೆ. ಈ ರಾಗ ಯಾಕೆ ಕೊನೆಗೆ ಇಳಿಯುವುದಿಲ್ಲ ಎಂದು ಅವನು ಕೇಳಿದ್ದಾಗ ನಾನು ಗತ್ತಿನಿಂದ, “ಅದು ನನ್ನ ಶೈಲಿ” ಎಂದಿದ್ದೆ. ಶೈಲಿಯಂತೆ. ಅದು ಗುಡ್ಡ.

“ಯಾರು ಬಂದು ಕೇಳ್ತಾರೆ ಮಾರಾಯ್ತಿ?” ಅಂದ ಲೋಹಿತ, ಇದನ್ನೆಲ್ಲ ಹೇಳಿದಾಗ. “ಟಿಕ್ ಹಾಕು, ಆಚೆಗೆ ಬಿಡು. ಎಂಟು ವರ್ಷಕ್ಕೊಂದು ಹಾಡು ಮಾಡಿದ್ದೀಯ, ಅದನ್ನೂ ದಾನ ಕೊಡ್ತೀಯಾ?”

ಆ ಮಾತು ಚುಚ್ಚಿತು. ಸುಳ್ಳೇಕೆ, ಟಿಕ್ ಹಾಕುವ ಆಸೆ ಇತ್ತು. ದ್ಯಾವಮ್ಮನ ನೆನಪು ಮಾತ್ರ ಪಕ್ಕಾ ಎನ್ನುವುದಕ್ಕೆ ಏನು ಆಧಾರ? ನನ್ನ ಸುರಂಗದಂತೆ ಅವರದೂ ಒಂದು ಮಂಜಿನ ಕತೆ ಇರಬಾರದೇಕೆ? ಎರಡು ದಿನ ಹಾಗೇ ಕಳೆದೆ. ಕಾಫಿ ಹೂ ಬಿಟ್ಟಿದ್ದ ದಿನಗಳವು. ಬೆಳಿಗ್ಗೆ ಬಾಗಿಲು ತೆಗೆದರೆ ಪರಿಮಳದಲ್ಲಿ ತಲೆ ತೇಲುತ್ತಿತ್ತು. ಗುನುಗುತ್ತ ನಿಂತರೆ ರಾಗ ನನ್ನದೇ ಅನ್ನಿಸುತ್ತಿತ್ತು. ಗುನುಗು ನಿಂತ ಕೂಡಲೇ, ಯಾರೋ ಎಲ್ಲಿಂದಲೋ ಓಗೊಡುವುದಕ್ಕೆ ಕಾಯುತ್ತಿದ್ದೇನೆ ಅನ್ನಿಸುತ್ತಿತ್ತು.

ಕೊನೆಗೆ ದ್ಯಾವಮ್ಮನನ್ನೇ ಸಕಲೇಶಪುರಕ್ಕೆ ಕರೆದುಕೊಂಡು ಬಂದೆ. ಸದ್ದು ತಡೆಯಲು ಲೋಹಿತನ ಕೋಣೆಯ ಗೋಡೆಗಳಿಗೆಲ್ಲ ಕಾಫಿ ಗೋಣಿಚೀಲ ಹೊಡೆದಿದೆ. ದ್ಯಾವಮ್ಮ ಮೂಸಿ ನೋಡಿದರು. “ಸ್ಟೋರ್ ಇದ್ದಂಗೇ ಐತೆ.” ಮೈಕಿನ ಮುಂದೆ ಕೂರಿಸಿದೆವು. ಮೊದಲ ಚರಣ ಹಾಡಿದೆ, ಗುನುಗಿದೆ, ನಿಲ್ಲಿಸಿದೆ.

ದ್ಯಾವಮ್ಮ ಸುಮ್ಮನೆ ಕುಳಿತಿದ್ದರು.

“ಅಜ್ಜಿ, ಇಲ್ಲಿ ಓ ಅನ್ನಬೇಕು,” ಅಂದ ಲೋಹಿತ.

“ಅವತ್ತೇನೋ ಊಟದ ಮಂಪ್ರಲ್ಲಿ ಅಂದ್ಬುಟ್ಟೆ. ಹೆಸ್ರೇ ಕರೀದೆ ಹೆಂಗಪ್ಪ ಓ ಅನ್ನದು?”

ಸರಿ, ಕರೆದೆ. ಮೂರು ಸ್ವರಗಳಲ್ಲಿ “ದ್ಯಾವಮ್ಮಾ”, ನಾಲ್ಕನೆಯದರಲ್ಲಿ ಆ ಕೊನೆಯ ‘ಆ’ ಗುಡ್ಡ ಹತ್ತಿತು. ಅವರು “ಓ...” ಎಂದರು. ನನ್ನ ಹಾಡಿನಲ್ಲಿ ಆ ಜಾಗ ಇಷ್ಟು ದಿನ ಖಾಲಿ ಬಿದ್ದಿತ್ತು ಎಂದು ಆಗ ಗೊತ್ತಾಯಿತು.

“ಉಳ್ದೋರ್ನೂ ಕರಿ,” ಅಂದರು. ಒಂದೊಂದೇ ಹೆಸರು ಹೇಳಿಕೊಟ್ಟರು. ಸಿದ್ದಮ್ಮ. ಕಾಳಮ್ಮ. ಲಕ್ಕಮ್ಮ. ಕರೆದೆ. ಪ್ರತಿ ಹೆಸರಿನ ನಂತರ ನಾಲ್ಕು ಎಣಿಕೆ ಮೌನ. ದ್ಯಾವಮ್ಮ ಬಾಯಿ ತೆರೆಯಲಿಲ್ಲ.

“ಅವರ ಪರವಾಗಿ ನೀವೇ ಓ ಅನ್ನಿ ಅಜ್ಜಿ,” ಎಂದೆ.

“ಅದೆಂಗಾಯ್ತದೆ? ಹಾಜರಿ ಕಣವ್ವ. ಅವ್ರಿಲ್ಲ ಅಂದ್ರೆ ಇಲ್ಲ.”

ಆ ಮೌನಗಳಿಗೆ ಗಿಟಾರು ತುಂಬಿಸಲೇ ಎಂದು ಲೋಹಿತ ಕಣ್ಣಲ್ಲೇ ಕೇಳಿದ. ಬೇಡ ಎಂದೆ.

ಹೆಸರುಗಳೆಲ್ಲ ಮುಗಿದವು. ಲೋಹಿತ ಇನ್ನೂ ಮೆಷಿನ್ ನಿಲ್ಲಿಸಿರಲಿಲ್ಲ. ದ್ಯಾವಮ್ಮ ತಾವಾಗಿಯೇ ಮುಖ ಸ್ವಲ್ಪ ಮೇಲೆತ್ತಿ, ಗೋಣಿಚೀಲದ ಗೋಡೆಯ ಆಚೆಗೆಲ್ಲೋ ಕೇಳಿಸಬೇಕೆಂಬಂತೆ ಕರೆದರು.

“ಕುಳ್ಳೀ...”

“ಓ,” ಎಂದೆ.

ಲೋಹಿತ ನನ್ನನ್ನೇ ನೋಡಿದ. ನಾನು ಐದು ಅಡಿ ಎಂಟು ಅಂಗುಲ ಇದ್ದೇನೆ. ನನ್ನನ್ನು ಯಾರೂ ಕುಳ್ಳಿ ಎಂದು ಕರೆದ ನೆನಪು ನನಗಿಲ್ಲ.

“ರೈಟರ ಮಗ್ಳು ನೀನು,” ಅಂದರು ದ್ಯಾವಮ್ಮ. “ಪುಸ್ತಕದಲ್ಲಿ ನಿನ್ ಹೆಸ್ರಿಲ್ಲ ಅಂತ ದಿನಾ ಅಳ್ತಿದ್ದೆ. ಅದ್ಕೇ ಎಲ್ಲಾ ಆದ್ಮೇಲೆ ನಿನ್ನೂ ಕರೀತಿದ್ವಿ.”

(ಮೇಷ್ಟ್ರ ಪರವಾಗಿ ಒಂದು ಮಾತು. ಕೋಣೆಯಲ್ಲಿ ಕರೆಸಿಕೊಳ್ಳದೆ ಉಳಿದಿದ್ದವರು ಲೋಹಿತ ಮತ್ತು ನಾನು. ಅದು ಹೆಣ್ಣುಮಗಳ ಹೆಸರು. ಹಾಗಾಗಿ ನಾನು ಓಗೊಟ್ಟದ್ದರಲ್ಲಿ ವಿಶೇಷವೇನಿಲ್ಲ ಎಂದು ವಾದಿಸಬಹುದು. ನಾನೂ ಎರಡು ದಿನ ವಾದಿಸಿದೆ.)

ಚೌಕಕ್ಕೆ ಟಿಕ್ ಹಾಕಲಿಲ್ಲ. ಸಾಹಿತ್ಯದ ಮುಂದೆ ನನ್ನ ಹೆಸರು ಬರೆದೆ. ಸಂಗೀತದ ಮುಂದೆ, ‘ದ್ಯಾವಮ್ಮ ಮತ್ತು ಕೆಳಗಿನ ಲೈನಿನ ಹೆಂಗಸರು’. ಬರೆಯುವಾಗ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಡಕುಮೇರಿಯ ಕತೆ ಇನ್ನು ಹೇಳುವುದಿಲ್ಲ. ಹಲ್ಲಿನ ಕತೆಯನ್ನೇ ಹೇಳುತ್ತೇನೆ, ಐಸ್‌ಕ್ರೀಮಿನ ಕಡೆ ಹೋಗುವವರು ಹೋಗಲಿ.

ಹಾಡಿನ ಕೊನೆಯಲ್ಲಿ ನನ್ನ ಆ ‘ಓ’ ಹಾಗೇ ಇದೆ. ತೆಗೆಯಬೇಡ ಎಂದು ಲೋಹಿತನಿಗೆ ಹೇಳಿದ್ದೇನೆ. ಈಗ ನೀವು ಹೇಳಿ, ಕರೆದಾಗ ಓಗೊಡುವುದಕ್ಕೆ ನೆನಪು ಇರಲೇಬೇಕೆ?