ಪರದೆಯ ಅಂಚಿಗೆ ನಿಂತವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೌಬಾದದ ಕೊನೆಯ ಓಣಿಯಲ್ಲಿ ಟ್ಯಾಂಕರಿಗಾಗಿ ಕೊಡಗಳು ಆಗಲೇ ಸಾಲು ನಿಂತಿವೆ. ತಮ್ಮದೂ ಒಂದು ಕೊಡ ಇಟ್ಟು ಬಂದ ಮಚ್ಛೇಂದ್ರ ಪತ್ರಾಸಿನ ತಗಡು ಹೊದಿಸಿದ ಶೆಡ್ಡಿನ ಬಾಗಿಲು ಹಾಕಿಕೊಳ್ಳುತ್ತಾರೆ. ಮೊಣಕಾಲ ಮೇಲೆ ತೆಳು ಬಟ್ಟೆ ಹಾಸಿಕೊಂಡು, ಹಳೆಯ ಸಿನಿಮಾ ರೀಲೊಂದನ್ನು ಎರಡು ಬೆರಳ ನಡುವೆ ಹಿಡಿದು ಇಂಚಿಂಚಾಗಿ ಒರೆಸುತ್ತಾರೆ. ಶೆಡ್ಡಿನ ತುಂಬ ಹುಳಿ ವಾಸನೆ. ಕೆಡುತ್ತಿರುವ ರೀಲು ಹೀಗೇ ನಾರುತ್ತದೆ.

“ಹೊತ್ತೇರಿದ್ರ ಪತ್ರಾಸ್ ಕಾಯ್ತದ್ರಿ, ರೀಲು ಸುರುಟ್ಕೊಂತದ. ಗಾಳಿ ಬಿಟ್ರ ಧೂಳು. ಈ ಕೆಲಸಕ್ಕ ನಸುಕೇ ಸರಿ,” ಎನ್ನುತ್ತಾರೆ, ಕಣ್ಣು ಎತ್ತದೆ.

ಹಗಲು ಅವರು ಬೀದರಿನಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಮಾಡುತ್ತಾರೆ. ಹೊಟ್ಟೆ ತುಂಬುವುದು ಅದರಿಂದ. ಈ ನಸುಕಿನ ಕೆಲಸ ಬೇರೆ. ಊರಿನ ಟಾಕೀಸುಗಳು ಮುಚ್ಚಿದ ಮೇಲೆ ಎಲ್ಲೆಲ್ಲೋ ಉಳಿದ ರೀಲುಗಳನ್ನು ಹುಡುಕಿ ತಂದು, ತೊಳೆದು, ಹರಿದ ತೂತುಗಳಿಗೆ ತೇಪೆ ಹಾಕಿ, ಸುಣ್ಣ ಬಳಿದ ಗೋಡೆಯ ಮೇಲೆ ಬಿಟ್ಟು, ಮದುವೆ ವಿಡಿಯೊದವರ ಕ್ಯಾಮೆರಾದಿಂದ ಹಿಡಿದಿಡುತ್ತಾರೆ. ಚಿತ್ರ ಎಷ್ಟು ಅಗಲವಿದೆಯೋ ಅಷ್ಟೇ ಅಗಲ. ಟಿ.ವಿ.ಯಲ್ಲಿ ಹಾಕಿದರೆ ಮೇಲೆ ಕೆಳಗೆ ಕರಿಪಟ್ಟಿ ಕಾಣುತ್ತದೆ. ನೋಡಿದವರು ಗೊಣಗುತ್ತಾರೆ.

“ಪರದಿ ಅರ್ಧ ಕರೀ ಅದ, ತುಂಬಾ ಮಾಡಿಕೊಡು ಅಂತಾರ್ರಿ. ತುಂಬಾ ಮಾಡ್ಬೇಕಂದ್ರ ಎರಡೂ ಬದಿ ಕೊಯ್ಬೇಕು. ನಾ ಕೊಯ್ಯಾಂಗಿಲ್ಲ.”

ಕೊಯ್ಯುವುದಿಲ್ಲ ಎಂಬ ಈ ಹಟ ಏಕೆಂದು ತಿಳಿಯಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು. ಮಚ್ಛೇಂದ್ರರದು ಭಾಲ್ಕಿ ತಾಲ್ಲೂಕಿನ ಮೆಹಕರ. ಎಂಬತ್ತಾರರ ಬರದಲ್ಲಿ ಊರ ಮಂದಿ ಪುಣೆ, ಹೈದರಾಬಾದಿಗೆ ಗುಳೆ ಹೊರಟಾಗ ಇವರು ಮಾತ್ರ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿ ಉಳಿದರು. ಅದೇ ಬರದಲ್ಲಿ ಔರಾದ ಕಡೆ ಸರ್ಕಾರ ಒಂದು ಕೆರೆ ತೋಡಿಸುತ್ತಿತ್ತು. ಸಿನಿಮಾದವರು ಅಲ್ಲಿಗೆ ಬಂದು, ದುಡಿಯುವ ಜನರನ್ನೇ ಹಿಂದೆ ಮುಂದೆ ನಿಲ್ಲಿಸಿ ಒಂದು ದೃಶ್ಯ ತೆಗೆದರು. ಹೆಸರು ಹೇಳಿದರೆ ಇಂದು ಯಾರಿಗೂ ನೆನಪಾಗದ ಚಿತ್ರ ಅದು. ಮರುವರ್ಷ ಭಾಲ್ಕಿಯಲ್ಲಿ ಹಾಕಿದ್ದ ಟಾಕೀಸಿನ ಡೇರೆಗೆ ಬಂತು. ಅಗಲ ಪರದೆಯ ಸ್ಕೋಪ್ ಚಿತ್ರ.

ಆಗ ಒಬ್ಬ ಮನುಷ್ಯ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ದಿನಾ ಬರುತ್ತಿದ್ದ. ಕೂರುತ್ತಿರಲಿಲ್ಲ. ಡೇರೆಯ ಗಳಕ್ಕೆ ಒರಗಿ ನಿಲ್ಲುತ್ತಿದ್ದ. ಕೆರೆಯ ದೃಶ್ಯ ಮುಗಿದೊಡನೆ ಹೊರಗೆ ಹೋಗಿಬಿಡುತ್ತಿದ್ದ. ಒಂದು ದಿನ ಮಚ್ಛೇಂದ್ರ ಕೇಳಿಯೇಬಿಟ್ಟರು: “ಯಾಕಪ್ಪಾ, ಪೂರಾ ನೋಡಾಂಗಿಲ್ಲೇನು?”

“ನಂದು ಇಷ್ಟೇ ಅದ,” ಎಂದು ಹೇಳಿ ಆತ ಹೊರಟುಹೋದ.

ಅದರ ಅರ್ಥ ಮಚ್ಛೇಂದ್ರರಿಗೆ ಆದದ್ದು ಹೋದ ವರ್ಷ. ಭಾತಂಬ್ರಾದ ಶಾಲೆಯಲ್ಲಿ ಟೀಚರಾಗಿರುವ ಶಾಲುಬಾಯಿ ಒಂದು ಡಿಸ್ಕ್ ಹಿಡಿದು, ಟಾಕೀಸಿನ ಹಳೆಯ ಆಪರೇಟರನ್ನು ವಿಚಾರಿಸಿಕೊಂಡು ಶೆಡ್ಡಿಗೆ ಬಂದರು. ಅದೇ ಚಿತ್ರ. ಶಾಲುಬಾಯಿಯ ತಾಯಿ ಶೇವಂತಾಬಾಯಿ ಆ ಕೆರೆಯಲ್ಲಿ ಮಣ್ಣು ಹೊತ್ತವರು. ಕೆರೆ ಕೆಲಸ ನಿಂತ ಮೇಲೆ ಗಂಡನ ಜೊತೆ ಪುಣೆಗೆ ಗುಳೆ ಹೋದರು. ಕಟ್ಟುತ್ತಿದ್ದ ಮನೆಯ ಗೋಡೆ ಕುಸಿದು ಅಲ್ಲೇ ತೀರಿಕೊಂಡರು. ಅವರದೊಂದು ಫೋಟೊವೂ ಇರಲಿಲ್ಲ. ಗಂಡ ಏಕನಾಥ ಎಳೆಗೂಸನ್ನು ಎತ್ತಿಕೊಂಡು ಊರಿಗೆ ಮರಳಿದ. ಬೆಳೆದ ಮಗಳಿಗೆ ಆತ ಹೇಳುತ್ತಿದ್ದುದು ಒಂದೇ ಮಾತು: “ನಿಮ್ಮವ್ವ ಪಿಚ್ಚರ್‌ನಾಗ ಅದಾಳ.”

ಮುಂದೆ ಆ ಚಿತ್ರದ ಡಿಸ್ಕ್ ಪೇಟೆಗೆ ಬಂತು. ಏಕನಾಥ ಕೊಂಡು ತಂದು, ಓಣಿಯ ಮಂದಿಯನ್ನೆಲ್ಲ ಕರೆದು ಟಿ.ವಿ. ಮುಂದೆ ಕೂರಿಸಿದ. ಕೆರೆ ಬಂತು. ನಾಯಕ ಬಂದ. ಶೇವಂತಾ ಬರಲಿಲ್ಲ. “ಇಲ್ಲೇ ಇದ್ದಳು, ತಡೀರಿ,” ಎಂದು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿದ. ಯಾರೋ ನಕ್ಕರು. ಅಂದು ಮುಸುಕು ಹಾಕಿ ಮಲಗಿದವನು ಸಾಯುವ ತನಕ ಆ ಚಿತ್ರದ ಮಾತೆತ್ತಲಿಲ್ಲ.

“ಕಾಕಾ, ನಮ್ಮಪ್ಪನ ಬುದ್ಧಿ ಭ್ರಮಣೆ ಆಗಿತ್ತು ಅಂತಾರ. ಖರೇ ಏನ್ರಿ?” ಎಂದು ಶಾಲುಬಾಯಿ ಕೇಳಿದರು.

ಗಳಕ್ಕೆ ಒರಗಿದ ಆ ಮನುಷ್ಯ ಮಚ್ಛೇಂದ್ರರ ಕಣ್ಣಿಗೆ ಕಟ್ಟಿದ. “ಇಲ್ಲವ್ವಾ. ಪರದಿ ಅಗಲ ಇತ್ತು, ಟಿ.ವಿ. ಚೌಕ ಇತ್ತು. ಹಿಡಿಸಲಿಲ್ಲಂತ ಡಿಸ್ಕಿನವ್ರು ಎರಡೂ ಬದಿ ಕೊಯ್ದು ನಡುವಿನ ಹೀರೋನ ಅಷ್ಟೇ ಇಟ್ಕೊಂಡಾರ. ನಿಮ್ಮವ್ವ ಅಂಚಿಗಿ ಇದ್ದಿರ್ಬೇಕು.”

ಕೊಯ್ದ ಅಂಚು ಸಿಗಬೇಕಾದರೆ ರೀಲೇ ಸಿಗಬೇಕು. ಟಾಕೀಸಿನ ಮಾಲೀಕರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹೆಂಡತಿ ವಜೀರಬೀ ಔರಾದಿನಲ್ಲಿದ್ದಾರೆಂದು ತಿಳಿದು ಮಚ್ಛೇಂದ್ರ ಅಲ್ಲಿಗೆ ಹೋದರು. ರೀಲಿನ ದುಂಡು ಡಬ್ಬಿಗಳಲ್ಲಿ ವಜೀರಬೀ ಹಪ್ಪಳ, ಒಣಮೆಣಸಿನಕಾಯಿ ತುಂಬಿಟ್ಟಿದ್ದರು.

“ಡಬ್ಬಿ ಖಾಲಿ ಮಾಡ್ಕೊಂಡೆ ಭಾಯಿ, ಆದ್ರ ರೀಲು ಒಗಿಲಿಲ್ಲ,” ಎಂದರು ಆ ಮುದುಕಿ. “ಅವ್ರು ಜೀವಕ್ಕಿಂತ ಹೆಚ್ಚು ಜತನ ಮಾಡಿದ್ರು. ಹ್ಯಾಂಗ ಒಗೀಲಿ? ಗೋಣಿಚೀಲದಾಗ ಅವ, ತಗೊಂಡ್ ಹೋಗ್ರಿ.”

ಅರ್ಧದಷ್ಟು ರೀಲುಗಳು ಬೆಲ್ಲದ ಅಚ್ಚಿನಂತೆ ಅಂಟಿ ಹೋಗಿದ್ದವು. ಕೆರೆಯ ದೃಶ್ಯವಿದ್ದ ರೀಲು ಬಣ್ಣ ಕಳೆದುಕೊಂಡು ಗುಲಾಬಿಯಾಗಿದ್ದರೂ ಬಿಡಿಸಲು ಬರುವಂತಿತ್ತು. ಆದರೆ ಇನ್ನೊಂದು ತೊಡಕು. ಅವ್ವನ ಮುಖವನ್ನೇ ಕಾಣದ ಮಗಳು ಗುರುತು ಹಿಡಿಯುವುದು ಹೇಗೆ? ಶೇವಂತಾಬಾಯಿಯ ಜೊತೆ ಮಣ್ಣು ಹೊತ್ತವರಲ್ಲಿ ಬದುಕಿದ್ದವರು ಭಾತಂಬ್ರಾದ ಕೌಸಲ್ಯಾಬಾಯಿ ಒಬ್ಬರೇ. ಈ ಬೇಸಿಗೆ ಮತ್ತೆ ನೀರಿಲ್ಲ. ಅವರ ಮಗ ಸೊಸೆ ಹೈದರಾಬಾದಿಗೆ ಹೊರಟು ನಿಂತಿದ್ದರು, ಮುದುಕಿಯನ್ನೂ ಕರೆದುಕೊಂಡು. ಹೋದವರು ಯಾವಾಗ ಬರುತ್ತಾರೋ, ಬರುತ್ತಾರೋ ಇಲ್ಲವೋ.

ಮಚ್ಛೇಂದ್ರ ರಿಪೇರಿ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುವ ರೀಲು. ಉಸಿರು ಬಿಗಿಹಿಡಿದು ಸುರುಳಿ ಬಿಡಿಸಿದರು. “ಹರಿದ್ರ ಆಕಿ ಎರಡನೇ ಸಲ ಸಾಯ್ತಾಳ ಅನಿಸ್ತು,” ಎಂದು ಈಗ ನೆನೆಯುತ್ತಾರೆ.

ಹೈದರಾಬಾದಿನ ಬಸ್ಸು ಹಿಡಿಯಬೇಕಾದ ದಿನವೇ ಕೌಸಲ್ಯಾಬಾಯಿ ಗಂಟುಮೂಟೆ ಸಮೇತ ನಸುಕಿನಲ್ಲಿ ನೌಬಾದದಲ್ಲಿ ಇಳಿದರು. ಮಗ ಸೊಸೆ ಓಣಿಯಲ್ಲೇ ನಿಂತರು. ಶೆಡ್ಡಿನೊಳಗೆ ಮಚ್ಛೇಂದ್ರ ಸ್ಕೋಪ್ ಲೆನ್ಸ್ ಹಾಕಿ ಯಂತ್ರ ತಿರುಗಿಸಿದರು. ಗೋಡೆಯ ತುಂಬ ಕೆರೆ ಹರವಿಕೊಂಡಿತು. ನಡುವೆ ನಾಯಕ ಮಾತಾಡುತ್ತಿದ್ದ. ಎಡದ ಅಂಚಿನಲ್ಲಿ ಐದಾರು ಹೆಂಗಸರು ಬುಟ್ಟಿ ಹೊತ್ತು ಕೆರೆಯ ಏರಿ ಹತ್ತುತ್ತಿದ್ದರು. ಅವರಲ್ಲೊಬ್ಬಳು ನಿಂತು, ತಲೆಯ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇತ್ತ ತಿರುಗಿ ನೋಡಿದಳು.

“ಅಕೀನ! ಅಕೀನ ಶೇವಂತಾ!” ಕೌಸಲ್ಯಾಬಾಯಿ ಎದ್ದು ನಿಂತುಬಿಟ್ಟರು. “ನಿಂದರಬ್ಯಾಡ, ಮುಕಾದಮ ಬೈತಾನ ಅಂತ ನಾ ಹಿಂದಿನಿಂದ ಒದರಿದ್ದೆ.”

ಮಚ್ಛೇಂದ್ರ ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟರು. ಈ ಸಲ ಮುದುಕಿ ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು.

“ಬಗಲಾಗ ಕೂಸು ಅದ ನೋಡು ಶಾಲೂ. ಅದು ನೀ.”

ಮಗಳು ತಾಯಿಯನ್ನು ಹುಡುಕಿಕೊಂಡು ಬಂದಿದ್ದಳು; ತಾಯಿಯ ತೋಳಿನಲ್ಲಿ ತಾನೂ ಇರುತ್ತೇನೆಂದು ಯಾರೂ ಆಕೆಗೆ ಹೇಳಿರಲಿಲ್ಲ. ಏಕನಾಥನೂ ಹೇಳಿರಲಿಲ್ಲ. ಆತ ತೋರಿಸಬೇಕೆಂದಿದ್ದ. ಹೊರಗೆ ಮಗ ಬಸ್ಸಿಗೆ ಹೊತ್ತಾಯಿತೆಂದು ಕೂಗಿದ. ಕೌಸಲ್ಯಾಬಾಯಿ ಶಾಲುಬಾಯಿಯ ಕೆನ್ನೆ ಸವರಿ, ಗಂಟು ಎತ್ತಿಕೊಂಡು ಹೊರಟರು.

ಭಾತಂಬ್ರಾದ ಮನೆಯಲ್ಲಿ ಈಗ ಏಕನಾಥನ ಫೋಟೊ ಪಕ್ಕದಲ್ಲಿ ಇನ್ನೊಂದು ಫೋಟೊ ತೂಗುತ್ತಿದೆ, ಗುಲಾಬಿ ಬಣ್ಣದ್ದು. ಅಂದು ಟಿ.ವಿ. ಮುಂದೆ ಕೂತಿದ್ದ ಓಣಿಯ ಮಂದಿ ಒಬ್ಬೊಬ್ಬರಾಗಿ ಬಂದು ನೋಡಿ ಹೋಗಿದ್ದಾರೆ. ಸುದ್ದಿ ಔರಾದ ಕಡೆಯ ಹಳ್ಳಿಗಳಿಗೂ ಮುಟ್ಟಿದೆ. “ನಮ್ಮಜ್ಜಿನೂ ಆ ಕೆರಿಗಿ ಹೋಗಿದ್ಳಂತ, ಅದಾಳೇನ್ರಿ?” ಎಂದು ಕೇಳಿಕೊಂಡು ಜನ ಶೆಡ್ಡಿಗೆ ಬರುತ್ತಿದ್ದಾರೆ.

ಮಚ್ಛೇಂದ್ರರಿಗೆ ಪ್ರಶಸ್ತಿ, ಸನ್ಮಾನ ಬೇಕಿಲ್ಲ. ಬೇಕಿರುವುದು ದೊಡ್ಡದೊಂದು ಬಿಳಿ ಪರದೆ. ಮಳೆ ಬಂದು, ಗುಳೆ ಹೋದವರು ಮರಳಿದ ಮೇಲೆ ಆ ಕೆರೆಯ ಏರಿಯ ಮೇಲೆ ಅದನ್ನು ಕಟ್ಟಬೇಕೆಂಬುದು ಅವರ ಆಸೆ.

“ಪಿಚ್ಚರ್ ಪೂರಾ ಇಲ್ರಿ. ಮೊದಲೂ ಇಲ್ಲ, ಕಡೀನೂ ಇಲ್ಲ. ಇದ್ದಷ್ಟು ತೋರಸ್ತೇನಿ,” ಎನ್ನುತ್ತಾರೆ. “ಹೀರೋನ ನೋಡಾಕ ಯಾರೂ ಬರಾಂಗಿಲ್ಲ ಬಿಡ್ರಿ.”